ಐರ್ಟನ್ ಸೆನ್ನಾ: ಮಳೆ ಟ್ರ್ಯಾಕಿನ ದೊರೆ

ಬ್ರೆಜಿಲ್‌ನ ಸಾವೊ ಪೌಲೊದಲ್ಲಿ 1960ರ ಮಾರ್ಚ್ 21ರಂದು ಜನನ. 1984ರಲ್ಲಿ ಟೋಲ್‌ಮನ್ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶ. ಅದೇ ವರ್ಷ ಮೊನಾಕೊದ ಜಡಿಮಳೆಯಲ್ಲಿ 13ನೇ ಸ್ಥಾನದಿಂದ ಹೊರಟು ಎರಡನೆಯವರಾದರು. ಸಾಧಾರಣ ಕಾರಿನಲ್ಲಿ ಮಾಡಿದ ಈ ಸಾಧನೆಯೇ ಅವರ ನಿಜವಾದ ಪರಿಚಯ ಎನ್ನಬೇಕು.

ಮೆಕ್‌ಲಾರೆನ್ ಪರ 1988, 1990, 1991ರಲ್ಲಿ ವಿಶ್ವ ಚಾಂಪಿಯನ್. ಒಟ್ಟು 41 ಗೆಲುವು, 65 ಪೋಲ್ ಪೊಸಿಷನ್ (ಮೊದಲ ಸ್ಥಾನದಿಂದ ರೇಸ್ ಆರಂಭಿಸುವ ಅವಕಾಶ). ಮೊನಾಕೊದಲ್ಲೇ 6 ಗೆಲುವು.

1994ರ ಮೇ 1ರಂದು ಇಟಲಿಯ ಇಮೋಲಾದ ಟಾಂಬುರೆಲ್ಲೊ ತಿರುವಿನಲ್ಲಿ ಅವರು ಓಡಿಸುತ್ತಿದ್ದ ವಿಲಿಯಮ್ಸ್ ತಂಡದ ಕಾರು ಗೋಡೆಗೆ ಬಡಿದು ಮೃತಪಟ್ಟರು. ಕಾರಿನೊಳಗೆ ಮಡಚಿಟ್ಟ ಆಸ್ಟ್ರಿಯಾ ಧ್ವಜ ಸಿಕ್ಕಿತು. ಹಿಂದಿನ ದಿನ ಅದೇ ಟ್ರ್ಯಾಕಿನಲ್ಲಿ ಪ್ರಾಣ ಕಳೆದುಕೊಂಡ ಆಸ್ಟ್ರಿಯಾದ ರೋಲಂಡ್ ರಾಟ್ಜೆನ್‌ಬರ್ಗರ್ ನೆನಪಿಗೆ ತಂದಿದ್ದ ಧ್ವಜವದು. ಬ್ರೆಜಿಲ್ ಮೂರು ದಿನ ಶೋಕ ಆಚರಿಸಿತು. ಅದೇ ವರ್ಷ ಸಹೋದರಿ ವಿವಿಯಾನೆ ಸ್ಥಾಪಿಸಿದ ಐರ್ಟನ್ ಸೆನ್ನಾ ಸಂಸ್ಥೆ ಬ್ರೆಜಿಲ್‌ನ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುತ್ತಿದೆ.