ಗಣಕಯಂತ್ರಕ್ಕೆ ತಂತ್ರಾಂಶ ತರುವ ಕ್ರಮ: ಆಜ್ಞೆಯ ಮೂಲಕ ಹಾಕುವುದು, ನೋಡಿಕೊಳ್ಳುವುದು, ತೆಗೆಯುವುದು

ತೋಟದ ಲೆಕ್ಕಪತ್ರವು ಕಾಗದದ ಪುಸ್ತಕದಿಂದ ಗಣಕಯಂತ್ರಕ್ಕೆ ಏರಿ ನಮ್ಮ ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ವರ್ಷಗಳೇ ಕಳೆದಿವೆ. ಆಳುಗಳ ಬಟವಾಡೆ, ಗೊಬ್ಬರದ ಖರ್ಚು, ಮಂಡಿಗೆ ಹಾಕಿದ ರಾಶಿ ಬೆಟ್ಟೆಗಳ ತೂಕ, ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿದ ಪಾರ್ಚ್‌ಮೆಂಟ್ ಮೂಟೆಗಳ ಸಂಖ್ಯೆ, ಸಾಲದ ಕಂತು, ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ. ಬ್ಯಾಂಕಿನ ವ್ಯವಹಾರವೂ ಅದರಲ್ಲಿಯೇ. ಹೀಗಿರುವಲ್ಲಿ ಆ ಪೆಟ್ಟಿಗೆಯೊಳಗೆ ಹೊಸ ತಂತ್ರಾಂಶವೊಂದನ್ನು ತಂದು ಹಾಕುವಾಗ ಅದು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ವಿಚಾರಿಸುವುದು ಅತ್ಯವಶ್ಯ. ಅಡಿಕೆ ಸಸಿ ಕೊಳ್ಳುವಾಗ ತಾಯಿಮರ ಯಾವುದೆಂದು ಕೇಳುವ ನಾವು ತಂತ್ರಾಂಶದ ವಿಷಯದಲ್ಲಿ ಮಾತ್ರ ದಾರಿಯಲ್ಲಿ ಕಂಡದ್ದನ್ನು ಎತ್ತಿಕೊಂಡು ಬರುತ್ತೇವೆ.

ಇದರಿಂದ ಆಗುವ ಹಾನಿ ಊಹೆಯ ಮಾತಲ್ಲ. ಗಿಂಪ್ ಎಂಬುದು ಚಿತ್ರಗಳನ್ನು ತಿದ್ದುವ ಒಳ್ಳೆಯ ಉಚಿತ ತಂತ್ರಾಂಶ. 2022ರಲ್ಲಿ ಗೂಗಲ್‌ನಲ್ಲಿ ಅದರ ಹೆಸರು ಹುಡುಕಿದವರಿಗೆ ಮೊದಲಿಗೇ ಒಂದು ಜಾಹೀರಾತು ಕಾಣುತ್ತಿತ್ತು. ಜಾಹೀರಾತಿನಲ್ಲಿ ತೋರಿಸಿದ ವಿಳಾಸ ಗಿಂಪ್‌ನವರದೇ. ಒತ್ತಿದರೆ ತೆರೆಯುತ್ತಿದ್ದುದು ಅದನ್ನೇ ಹೋಲುವ ನಕಲಿ ಪುಟ. ಅಲ್ಲಿಂದ ಇಳಿಸಿಕೊಂಡವರ ಯಂತ್ರದೊಳಕ್ಕೆ ಗುಪ್ತಪದಗಳನ್ನು ಕದಿಯುವ ತಂತ್ರಾಂಶ ಸೇರಿಕೊಂಡಿತು. ಇಳಿಸಿಕೊಂಡವರು ಅಜಾಗರೂಕರೆಂದು ಹೇಳುವಂತೆಯೂ ಇರಲಿಲ್ಲ.

ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುವ ಕ್ರಮವೊಂದು ಲಿನಕ್ಸ್ ವ್ಯವಸ್ಥೆಗಳಲ್ಲಿ ಬಹಳ ಕಾಲದಿಂದ ಇದೆ. ಈಗ ಅದನ್ನು ಕಲಿಯಲು ಬೇರೊಂದು ಕಾರಣವೂ ಕೂಡಿಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಡೆಬಿಯನ್, ಉಬುಂಟು, ಮಿಂಟ್ ಮುಂತಾದ ಲಿನಕ್ಸ್‌ಗಳನ್ನು ಹಾಕಿಸಿಕೊಳ್ಳುತ್ತಿದ್ದಾರೆ. ಈ ಮೂರೂ ಒಂದೇ ಮನೆತನದವು. ಡೆಬಿಯನ್ 1993ರಲ್ಲಿ ಇಯಾನ್ ಮರ್ಡಾಕ್ ಎಂಬುವರು ಆರಂಭಿಸಿದ್ದು. ಉಬುಂಟು 2004ರಲ್ಲಿ ಅದರಿಂದ ಕವಲೊಡೆಯಿತು. ಮಿಂಟ್ ಬಂದದ್ದು ಅದರ ಮೇಲೆ. ಆದ್ದರಿಂದ ಇಲ್ಲಿ ಹೇಳುವ ಆಜ್ಞೆಗಳು ಮೂರಕ್ಕೂ ಸಲ್ಲುತ್ತವೆ. ಟ್ಯಾಲಿಯಲ್ಲಿಯೇ ಲೆಕ್ಕ ಇಡಬೇಕಾದ ಸದಸ್ಯರು ಮಾತ್ರ ವಿಂಡೋಸ್‌ನಲ್ಲಿಯೇ ಉಳಿಯುವುದು ಲೇಸು.

ಉಗ್ರಾಣವೂ ಮೊಹರೂ

ಈ ವ್ಯವಸ್ಥೆಯಲ್ಲಿ ತಂತ್ರಾಂಶಗಳನ್ನು ಒಂದು ದೊಡ್ಡ ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಒಂದೊಂದು ತಂತ್ರಾಂಶವೂ ಒಂದೊಂದು ಪೊಟ್ಟಣ. ಪ್ರತಿ ಪೊಟ್ಟಣಕ್ಕೂ ಲೆಕ್ಕಹಾಕಿ ತೆಗೆದ ಒಂದು ಗುರುತು ಇರುತ್ತದೆ. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಆ ಗುರುತು ತಾಳೆಯಾಗುವುದಿಲ್ಲ. ಈ ಗುರುತುಗಳೆಲ್ಲ ಪಟ್ಟಿಯಲ್ಲಿ ಬರೆದಿರುತ್ತವೆ. ಪಟ್ಟಿಗೆ ಉಗ್ರಾಣದವರ ಮೊಹರು ಬಿದ್ದಿರುತ್ತದೆ. ನಿಮ್ಮ ಯಂತ್ರ ಮೊದಲು ಮೊಹರನ್ನು ಪರೀಕ್ಷಿಸಿ, ಆಮೇಲೆ ಪೊಟ್ಟಣದ ಗುರುತನ್ನು ತಾಳೆ ನೋಡಿ, ಸರಿಯಿದ್ದರಷ್ಟೇ ಒಳಗೆ ಬಿಡುತ್ತದೆ. ಈ ಕೆಲಸ ಮಾಡುವ ಸಾಧನದ ಹೆಸರು ಆಪ್ಟ್. 1999ರಲ್ಲಿ ಬಂದ ಡೆಬಿಯನ್ 2.1ರ ಜೊತೆಗೆ ಅದು ಬಳಕೆಗೆ ಬಂತು.

ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಅಂಗಡಿಯಂಥ ಪುಟವೂ ಈ ಲಿನಕ್ಸ್‌ಗಳಲ್ಲಿ ಇದೆ. ಆದರೂ ಆಜ್ಞೆ ಹೊಡೆಯುವ ಕ್ರಮವನ್ನೇ ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ದೂರವಾಣಿಯಲ್ಲಿ "ಮೇಲೆ ಬಲಗಡೆ ಮೂರು ಚುಕ್ಕಿ ಇದೆಯಲ್ಲ, ಅದನ್ನು ಒತ್ತಿ" ಎನ್ನುತ್ತಾನೆ. ಇಲ್ಲಿ ಮೂರು ಚುಕ್ಕಿ ಇರುವುದಿಲ್ಲ. ಆಜ್ಞೆಯಾದರೋ ಅಕ್ಷರ ಅಕ್ಷರವಾಗಿ ಹೇಳಿ ಬರೆಸುವಂಥದು. ಒಮ್ಮೆ ನೋಟ್‌ಪುಸ್ತಕದಲ್ಲಿ ಬರೆದುಕೊಂಡರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಅಲ್ಲದೆ ಏನು ಮಾಡಲಿದ್ದೇನೆ ಎಂಬುದನ್ನು ಯಂತ್ರ ಮೊದಲೇ ಬಾಯಿಬಿಟ್ಟು ಹೇಳುತ್ತದೆ.

ಪಾಠಕ್ಕೆ ಮೊದಲು ಒಂದು ಸೂಚನೆ. ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಅಚ್ಚುಮಾಡಿದೆ. ಯಂತ್ರದಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ, ಅದೂ ಚಿಕ್ಕಕ್ಷರಗಳನ್ನೇ ಹೊಡೆಯತಕ್ಕದ್ದು. ಸುಡೊ ಎಂದರೆ ಎಸ್, ಯು, ಡಿ, ಓ. ಆಪ್ಟ್ ಎಂದರೆ ಎ, ಪಿ, ಟಿ. ಪದಪದಗಳ ನಡುವೆ ಒಂದು ತೆರಪು ಬಿಡಬೇಕು. ಆಜ್ಞೆ ಮುಗಿದ ಮೇಲೆ ಎಂಟರ್ ಗುಂಡಿ ಒತ್ತಬೇಕು.

ಉಬುಂಟು, ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್, ಟಿ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಮೊದಲು ಹೊಡೆಯಬೇಕಾದ್ದು:

ಸುಡೊ ಆಪ್ಟ್ ಅಪ್‌ಡೇಟ್

ಸುಡೊ ಎಂದರೆ ಈ ಕೆಲಸವನ್ನು ಯಜಮಾನನ ಅಧಿಕಾರದಿಂದ ಮಾಡು ಎಂದು ಅರ್ಥ. ಎಸ್ಟೇಟಿನ ರೈಟರು ಸಾಹುಕಾರರ ಅಪ್ಪಣೆ ಪಡೆದು ಉಗ್ರಾಣದ ಬೀಗ ತೆಗೆದ ಹಾಗೆ. ಆದ್ದರಿಂದ ಯಂತ್ರ ನಿಮ್ಮ ಗುಪ್ತಪದವನ್ನು ಕೇಳುತ್ತದೆ. ಅದನ್ನು ಹೊಡೆಯುವಾಗ ಕೆಲವು ಲಿನಕ್ಸ್‌ಗಳಲ್ಲಿ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿಯೂ ಬೀಳುವುದಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಹಲವರು ಇಲ್ಲಿಯೇ ಕೈಬಿಡುವುದುಂಟು. ಕೆಟ್ಟಿರುವುದಿಲ್ಲ, ಪೂರ್ತಿ ಹೊಡೆದು ಎಂಟರ್ ಒತ್ತಿ.

ಅಪ್‌ಡೇಟ್ ಎಂಬ ಮಾತು ಹೊಸಬರನ್ನು ದಾರಿತಪ್ಪಿಸುತ್ತದೆ. ಈ ಆಜ್ಞೆ ಯಾವ ತಂತ್ರಾಂಶವನ್ನೂ ಬದಲಿಸುವುದಿಲ್ಲ. ಉಗ್ರಾಣದಲ್ಲಿ ಈ ಹೊತ್ತು ಏನೇನಿದೆ ಎಂಬ ಪಟ್ಟಿಯನ್ನಷ್ಟೇ ತರುತ್ತದೆ. ಹಳೆಯದನ್ನು ತೆಗೆದು ಹೊಸ ಆವೃತ್ತಿ ಹಾಕುವುದಕ್ಕೆ ಸುಡೊ ಆಪ್ಟ್ ಅಪ್‌ಗ್ರೇಡ್ ಎಂಬ ಬೇರೆಯೇ ಆಜ್ಞೆಯಿದೆ. ಪಟ್ಟಿ ತಂದ ಮೇಲೆಯೇ ಅದನ್ನು ಹೊಡೆಯಬೇಕು. ವಾರಕ್ಕೊಮ್ಮೆ ಇವೆರಡನ್ನೂ ಮಾಡಿದರೆ ತೂತು ಮುಚ್ಚುವ ದುರಸ್ತಿಗಳು ಆಗಿಂದಾಗ್ಗೆ ಬಂದು ಸೇರುತ್ತವೆ.

ಈಗ ಒಂದು ತಂತ್ರಾಂಶ ತರೋಣ. ಗ್ನೂಕ್ಯಾಶ್ ಎಂಬುದು ಜಮಾಖರ್ಚಿನ ಉಚಿತ ತಂತ್ರಾಂಶ. ಅಕ್ಷರಗಳು ಜಿ, ಎನ್, ಯು, ಸಿ, ಎ, ಎಸ್, ಎಚ್. ತರುವ ಮೊದಲು ಆಪ್ಟ್ ಶೋ ಗ್ನೂಕ್ಯಾಶ್ ಎಂದು ಹೊಡೆದರೆ ಅದು ಏನು, ಯಾವ ಆವೃತ್ತಿ, ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಹೆಸರೇ ಗೊತ್ತಿಲ್ಲದಿದ್ದರೆ ಆಪ್ಟ್ ಸರ್ಚ್ ಎಂದು ಹೊಡೆದು ಮುಂದೆ ಅಕೌಂಟಿಂಗ್ ಎಂಬಂಥ ಇಂಗ್ಲಿಷ್ ಪದವೊಂದನ್ನು ಕೊಟ್ಟು ಹುಡುಕಬಹುದು. ಕೇವಲ ವಿಚಾರಿಸುವುದಕ್ಕೆ ಸುಡೊ ಬೇಡ. ತರಬೇಕಾದಾಗ:

ಸುಡೊ ಆಪ್ಟ್ ಇನ್‌ಸ್ಟಾಲ್ ಗ್ನೂಕ್ಯಾಶ್

ಒಡನೆ ಯಂತ್ರ ಕೆಲವು ಸಾಲುಗಳನ್ನು ತೋರಿಸಿ ನಿಲ್ಲುತ್ತದೆ. ಇದರೊಂದಿಗೆ ಬೇಕಾಗುವ ಬೇರೆ ಪೊಟ್ಟಣಗಳು ಯಾವುವು, ಎಷ್ಟು ಎಂಬಿ ಇಳಿಸಬೇಕು, ತಟ್ಟೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೇಳಿ, ಮುಂದುವರಿಯಲೇ ಎಂದು ಕೇಳುತ್ತದೆ. ವೈ ಒತ್ತಿದರೆ ಹೌದು, ಎನ್ ಒತ್ತಿದರೆ ಬೇಡ. ಮೊಬೈಲಿನ ಡೇಟಾದಲ್ಲಿ ಕೆಲಸ ಮಾಡುವವರಿಗೆ ಈ ಎಂಬಿ ಲೆಕ್ಕ ಮುಖ್ಯ. ಅದಕ್ಕಿಂತ ಮುಖ್ಯವಾದದ್ದು ತೆಗೆದುಹಾಕಲಾಗುವ ಪೊಟ್ಟಣಗಳ ಪಟ್ಟಿ. ಕೆಲವೊಮ್ಮೆ ಒಂದನ್ನು ಹಾಕಲು ಇನ್ನೊಂದನ್ನು ಕೀಳಬೇಕಾಗುತ್ತದೆ. ತೆಗೆಯುವುದನ್ನು ಸೂಚಿಸುವ ದೊಡ್ಡಕ್ಷರದ ಇಂಗ್ಲಿಷ್ ಪದ ಕಂಡಿತೆಂದರೆ ಕೈ ಹಿಂದೆಗೆದು ಅಲ್ಲಿ ಬರೆದಿರುವ ಒಂದೊಂದು ಹೆಸರನ್ನೂ ಓದಿ.

ಇದನ್ನು ಓದದೆ ಹೋದವರ ಉದಾಹರಣೆ ಲೋಕಪ್ರಸಿದ್ಧವಾಗಿದೆ. ಕೆನಡಾದ ಲೈನಸ್ ಸೆಬಾಸ್ಟಿಯನ್ ಎಂಬುವರು ಗಣಕಯಂತ್ರಗಳ ಬಗ್ಗೆ ವಿಡಿಯೋ ಮಾಡುವವರು. 2021ರಲ್ಲಿ ಅವರು ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶ ಹಾಕಹೊರಟರು. ಉಗ್ರಾಣದ ಕಡೆಯಲ್ಲೇ ಆಗ ಒಂದು ದೋಷವಿತ್ತು. ಇದನ್ನು ಹಾಕಬೇಕಾದರೆ ಪರದೆಯ ಮೇಲಿನ ಕಿಟಕಿ, ಚಿತ್ರಗಳೆಲ್ಲವನ್ನೂ ತೋರಿಸುವ ಭಾಗವನ್ನೇ ಕೀಳಬೇಕಾಗುತ್ತದೆ ಎಂದು ಆಪ್ಟ್ ಎಚ್ಚರಿಸಿತು. ಬರಿಯ ವೈ ಸಾಲದೆಂದು, ಹೌದು, ಹೇಳಿದಂತೆ ಮಾಡು ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿ ಹೊಡೆಯುವಂತೆ ಕೇಳಿತು. ಅವರು ಹೊಡೆದರು. ಯಂತ್ರ ಹೇಳಿದಂತೆಯೇ ಮಾಡಿತು; ಬರಿಯ ಕಪ್ಪು ಪರದೆ ಉಳಿಯಿತು. ಅಷ್ಟು ಬಲ್ಲವರಿಗೇ ಹೀಗಾಗುವುದಾದರೆ ನಾವು ಎರಡು ನಿಮಿಷ ಹೆಚ್ಚು ಓದುವುದರಲ್ಲಿ ನಾಚಿಕೆಯೇನೂ ಇಲ್ಲ.

ಕನ್ನಡದಲ್ಲಿ ಪತ್ರ ಬರೆಯುವವರು ಇದೇ ರೀತಿ ಫಾಂಟ್ಸ್, ಅಡ್ಡಗೆರೆ, ಕೆ, ಎನ್, ಡಿ, ಎ ಎಂಬ ಪೊಟ್ಟಣವನ್ನು ತರಿಸಿಕೊಳ್ಳಬೇಕು. ಗುಬ್ಬಿ, ನವಿಲು, ಲೋಹಿತ್ ಎಂಬ ಚೆಂದದ ಕನ್ನಡ ಅಕ್ಷರರೂಪಗಳು ಒಟ್ಟಿಗೇ ಬರುತ್ತವೆ. ಹಳೆಯ ನುಡಿಯ ಅಕ್ಷರಗಳಲ್ಲಿ ಹೊಡೆದಿಟ್ಟ ಕಡತಗಳು ಮಾತ್ರ ಇದರಿಂದ ಸರಿಹೋಗುವುದಿಲ್ಲ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದು ಬೇರೆ ವಿಷಯ.

ಬೇರೆ ದಾರಿಯಿಂದ ಬಂದದ್ದು

ಉಗ್ರಾಣದಲ್ಲಿ ಎಲ್ಲವೂ ಸಿಗುವುದಿಲ್ಲ. ಮುದ್ರಣಯಂತ್ರದ ಕಂಪನಿಯವರು ತಮ್ಮ ಪೊಟ್ಟಣವನ್ನು ತಾವೇ ಕೊಡಬಹುದು. ಅಂಥದನ್ನು ಆ ಕಂಪನಿಯ ಸ್ವಂತ ಜಾಗದಿಂದಲೇ, ವಿಳಾಸವನ್ನು ಕೈಯಾರೆ ಹೊಡೆದು ಇಳಿಸಿಕೊಳ್ಳಿ. ಜಾಲದಲ್ಲಿ ಕೆಲವರು "ಈ ಒಂದು ಸಾಲನ್ನು ನಕಲು ಮಾಡಿ ಟರ್ಮಿನಲ್ಲಿಗೆ ಹಾಕಿ, ಎಲ್ಲ ತಾನಾಗಿ ಆಗುತ್ತದೆ" ಎಂದು ಬರೆದಿರುತ್ತಾರೆ. ಆ ಸಾಲಿನಲ್ಲಿ ಸುಡೊ ಇದ್ದರೆ, ಬರೆದವನು ಯಾರೆಂದು ತಿಳಿಯುವವರೆಗೆ ಹಾಕಬೇಡಿ. ಗುರುತಿಲ್ಲದವನ ಕೈಗೆ ಗೋದಾಮಿನ ಬೀಗದಕೈ ಕೊಟ್ಟಂತೆಯೇ ಅದು. ಹೊರಗಿನ ಉಗ್ರಾಣವನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದಂತೂ ಬೀಗದಕೈಯನ್ನು ಖಾಯಮ್ಮಾಗಿ ಕೊಟ್ಟಂತೆ.

ಮೊಹರು ಬಿದ್ದ ಮಾತ್ರಕ್ಕೆ ಎಲ್ಲವೂ ಶುದ್ಧವೆಂದು ನಂಬುವುದೂ ಸರಿಯಲ್ಲ. ಎಕ್ಸ್‌ಝೆಡ್ ಎಂಬ ಸಣ್ಣ ಸಾಧನದ ಕೆಲಸದಲ್ಲಿ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ವರ್ಷಗಟ್ಟಲೆ ನೆರವಾಗಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳದಾರಿ ಕೊರೆದಿಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು ತಮ್ಮ ಯಂತ್ರದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಪತ್ತೆಮಾಡಿದರು. ಡೆಬಿಯನ್‌ನ ಪರೀಕ್ಷಾ ಉಗ್ರಾಣಗಳವರೆಗೆ ಅದು ಬಂದಿತ್ತು. ಸ್ಥಿರ ಆವೃತ್ತಿಯೊಳಕ್ಕೆ ಇನ್ನೂ ಇಳಿದಿರಲಿಲ್ಲ. ಹೊಸತನದ ಆಸೆಗೆ ಪರೀಕ್ಷಾ ಉಗ್ರಾಣದಿಂದ ತರಿಸದೆ ಸ್ಥಿರ ಆವೃತ್ತಿಯಲ್ಲಿಯೇ ಇರಬೇಕೆಂದು ಹೇಳುವುದು ಇದಕ್ಕಾಗಿ. ತೋಟದ ಲೆಕ್ಕಕ್ಕೆ ಒಂದು ವರ್ಷ ಹಳೆಯ ಗ್ನೂಕ್ಯಾಶ್ ಧಾರಾಳವಾಗಿ ಸಾಕು.

ವಿಂಡೋಸ್‌ನಲ್ಲಿ ಉಳಿದವರಿಗೂ ಮೈಕ್ರೋಸಾಫ್ಟ್ 2021ರಲ್ಲಿ ವಿನ್‌ಗೆಟ್ ಎಂಬ ಇಂಥದೇ ಸಾಧನದ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ವಿನ್‌ಗೆಟ್ ಸರ್ಚ್, ವಿನ್‌ಗೆಟ್ ಇನ್‌ಸ್ಟಾಲ್, ವಿನ್‌ಗೆಟ್ ಅನ್‌ಇನ್‌ಸ್ಟಾಲ್ ಎಂದು ಹೊಡೆಯಬಹುದು. ಜಾಹೀರಾತಿನ ಬಲೆಗೆ ಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ತೆಗೆಯುವಾಗ, ಕರೆಂಟು ಹೋದಾಗ

ಬೇಡವಾದ ತಂತ್ರಾಂಶವನ್ನು ಸುಡೊ ಆಪ್ಟ್ ರಿಮೂವ್ ಎಂದು ಹೊಡೆದು ಮುಂದೆ ಅದರ ಹೆಸರು ಬರೆದು ತೆಗೆಯಬಹುದು. ಅದರ ಜೊತೆಗೆ ಬಂದು ಈಗ ಯಾರಿಗೂ ಬೇಡವಾಗಿ ಉಳಿದಿರುವ ಪೊಟ್ಟಣಗಳನ್ನು ಸುಡೊ ಆಪ್ಟ್ ಆಟೋರಿಮೂವ್ ಗುಡಿಸಿಹಾಕುತ್ತದೆ. ಗ್ನೂಕ್ಯಾಶ್ ತೆಗೆದರೆ ಹತ್ತು ವರ್ಷದ ಲೆಕ್ಕ ಹೋಗಿಬಿಡುತ್ತದೆಯೇ ಎಂಬ ಭಯ ಬೇಡ. ತಂತ್ರಾಂಶ ಬೇರೆ, ಲೆಕ್ಕದ ಕಡತ ಬೇರೆ. ನಿಮ್ಮ ಸ್ವಂತ ಕೋಶದಲ್ಲಿ ನೀವು ಉಳಿಸಿಟ್ಟ ಕಡತಗಳನ್ನು ಆಪ್ಟ್ ಮುಟ್ಟುವುದಿಲ್ಲ. ಆದರೆ ಹೊಸ ದೊಡ್ಡ ಆವೃತ್ತಿಯಲ್ಲಿ ಒಮ್ಮೆ ತೆರೆದು ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯದೆ ಹೋಗಬಹುದು. ಆದ್ದರಿಂದ ಆವೃತ್ತಿ ಬದಲಾಗುವ ಮುನ್ನ ಲೆಕ್ಕದ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದನ್ನು ಯಂತ್ರದಿಂದ ಕಿತ್ತು ಬೀರುವಿನಲ್ಲಿ ಇಡಿ.

ಮಲೆನಾಡಿನ ಮಳೆಗಾಲದಲ್ಲಿ ಮುಖ್ಯ ತೊಂದರೆ ಕರೆಂಟಿನದು. ಪೊಟ್ಟಣ ಇಳಿಯುತ್ತಿರುವಾಗ ಹೋದರೆ ನಷ್ಟವಿಲ್ಲ. ಅದೇ ಆಜ್ಞೆಯನ್ನು ಮತ್ತೆ ಹೊಡೆದರಾಯಿತು. ಬಿಚ್ಚಿ ಜೋಡಿಸುತ್ತಿರುವಾಗ ಹೋದರೆ ಕೆಲಸ ಅರ್ಧಕ್ಕೆ ನಿಂತು, ಮುಂದಿನ ಸಲ ಆಪ್ಟ್ ತಕರಾರು ಮಾಡುತ್ತದೆ. ಆಗ ಸುಡೊ, ಡಿಪಿಕೆಜಿ, ಎರಡು ಅಡ್ಡಗೆರೆ ಹಾಗೂ ಅದಕ್ಕೆ ಅಂಟಿಕೊಂಡಂತೆ ಕಾನ್‌ಫಿಗರ್, ಬಳಿಕ ತೆರಪು ಬಿಟ್ಟು ಒಂದು ಅಡ್ಡಗೆರೆ ಮತ್ತು ಎ, ಇಷ್ಟನ್ನು ಹೊಡೆದರೆ ಅರ್ಧಕ್ಕೆ ನಿಂತದ್ದು ಪೂರ್ತಿಯಾಗುತ್ತದೆ. ಡಿಪಿಕೆಜಿ ಎಂಬುದು ಆಪ್ಟ್‌ನ ಕೈಕೆಳಗೆ ಪೊಟ್ಟಣ ಬಿಚ್ಚುವ ಆಳು. ಅಪ್‌ಗ್ರೇಡ್ ಮಾಡುವ ದಿನ ಲ್ಯಾಪ್‌ಟಾಪಿನ ಬ್ಯಾಟರಿಯೋ ಯುಪಿಎಸ್ಸೋ ತುಂಬಿರುವಂತೆ ನೋಡಿಕೊಂಡರೆ ಈ ಪ್ರಸಂಗವೇ ಬಾರದು.

ಇನ್ನೊಮ್ಮೆ ಬೀಗ ಸಿಗಲಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬರಬಹುದು. ಯಂತ್ರ ತಾನಾಗಿಯೇ ಹಿಂದಿನಿಂದ ದುರಸ್ತಿಗಳನ್ನು ತರುತ್ತಿದೆ, ಉಗ್ರಾಣದೊಳಗೆ ಒಬ್ಬರಿದ್ದಾರೆ ಎಂದಷ್ಟೇ ಸಾಮಾನ್ಯವಾಗಿ ಅದರ ಅರ್ಥ. ಕಾಫಿ ಕುಡಿದು ಬಂದು ಮತ್ತೆ ಹೊಡೆಯಿರಿ. ಆ ಬೀಗದ ಕಡತವನ್ನೇ ಅಳಿಸಿಹಾಕಿ ಎಂಬ ಸಲಹೆ ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ, ಕೇಳಬೇಡಿ.

ಯಾರು, ಯಾವಾಗ, ಏನು ಹಾಕಿದರು ಎಂದು ನೋಡಬೇಕಾದಾಗ ಆಪ್ಟ್ ಬರೆದಿಟ್ಟ ದಿನಚರಿಯಿದೆ. ಲೆಸ್ ಎಂದು ಹೊಡೆದು, ತೆರಪು ಬಿಟ್ಟು, ಓರೆಗೆರೆ, ವಿಎಆರ್, ಓರೆಗೆರೆ, ಲಾಗ್, ಓರೆಗೆರೆ, ಆಪ್ಟ್, ಓರೆಗೆರೆ, ಹಿಸ್ಟರಿ, ಚುಕ್ಕಿ, ಲಾಗ್ ಎಂದು ತೆರಪಿಲ್ಲದೆ ಹೊಡೆಯಿರಿ. ತಾರೀಕು, ಗಂಟೆ, ಹೊಡೆದ ಆಜ್ಞೆ, ಬಂದ ಪೊಟ್ಟಣ, ಹೋದ ಪೊಟ್ಟಣ ಎಲ್ಲವೂ ಸಾಲಾಗಿ ಇರುತ್ತವೆ. ರಜೆಗೆ ಬಂದ ಮೊಮ್ಮಕ್ಕಳು ಯಂತ್ರ ಮುಟ್ಟಿಹೋದ ಮೇಲೆ ಒಮ್ಮೆ ಇದನ್ನು ಓದುವುದು ಒಳ್ಳೆಯದು. ಓದಿ ಮುಗಿದ ಬಳಿಕ ಕ್ಯೂ ಒತ್ತಿ ಹೊರಗೆ ಬನ್ನಿ.