ಕೋಳಿಯ ಕಾವಿಗೂ ಚಂದ್ರನ ಕಲೆಗಳಿಗೂ ಸಂಬಂಧವುಂಟೆ?

ಕೋಳಿಯನ್ನು ಕಾವಿಗೆ ಕೂಡಿಸುವ ಮೊದಲು ಚಂದ್ರನ ವೃದ್ಧಿಕ್ಷಯಗಳನ್ನು ನೋಡಬೇಕೆಂಬ ನಂಬಿಕೆಯು ಬಹು ಪುರಾತನವಾದುದು. ಶುಕ್ಲಪಕ್ಷದಲ್ಲಿ ಹೊರಬಿದ್ದ ಮರಿಗಳು ಚಂದ್ರನಂತೆಯೇ ದಿನೇ ದಿನೇ ವೃದ್ಧಿಹೊಂದುವುವೆಂದೂ, ಕೃಷ್ಣಪಕ್ಷದಲ್ಲಿ ಹುಟ್ಟಿದವು ಕೃಶವಾಗಿ ನಶಿಸುವುವೆಂದೂ ಇದರ ತಾತ್ಪರ್ಯ. ಅಮಾವಾಸ್ಯೆಯಂದು ಹೊಸ ಕಾರ್ಯವನ್ನು ಕೈಗೊಳ್ಳದ ವಾಡಿಕೆಯುಳ್ಳ ನಮ್ಮ ಅನೇಕ ಮನೆಗಳಲ್ಲಿ ಇಂತಹ ಮಾತು ಸಹಜವಾಗಿಯೇ ತೋರುವುದು. ಒಂದು ಹೇಟೆಯ ಕೆಳಗಿಡುವ ಹತ್ತು ಹನ್ನೆರಡು ಮೊಟ್ಟೆಗಳು ಬಡ ಒಕ್ಕಲ ಮನೆಯ ಹೆಣ್ಣುಮಗಳಿಗೆ ಅಲ್ಪವಾದ ಬಂಡವಾಳವಲ್ಲ. ಆದುದರಿಂದ ಈ ನಂಬಿಕೆಯನ್ನು ನಗೆಯಾಡಿ ಬಿಡದೆ, ಅದರಲ್ಲಿ ನಿಜವೆಷ್ಟು, ಅದರಿಂದಾಗುವ ನಷ್ಟವೆಷ್ಟು ಎಂಬುದನ್ನು ವಿಚಾರ ಮಾಡುವುದು ಯುಕ್ತವಾಗಿದೆ.

ಪುರಾತನರ ಮಾತು

ಈ ನಂಬಿಕೆಯು ಲಿಖಿತರೂಪದಲ್ಲಿ ದೊರೆಯುವುದು ರೋಮನರ ಗ್ರಂಥಗಳಲ್ಲಿ. ಕ್ರಿ. ಶ. 1ನೆಯ ಶತಮಾನದಲ್ಲಿದ್ದ ಕೊಲುಮೆಲ್ಲನೆಂಬಾತನು ವ್ಯವಸಾಯವನ್ನು ಕುರಿತು 12 ಭಾಗಗಳ ಗ್ರಂಥವನ್ನು ರಚಿಸಿದನು. ಅದರ 8ನೆಯ ಭಾಗದಲ್ಲಿ, ಚಂದ್ರನು ಬೆಳೆಯುತ್ತಿರುವಾಗ 10ನೆಯ ದಿನದಿಂದ 15ನೆಯ ದಿನದೊಳಗೆ ಮೊಟ್ಟೆಗಳನ್ನು ಕಾವಿಗೆ ಇಡತಕ್ಕದ್ದೆಂದೂ, ಹಾಗೆ ಮಾಡಿದರೆ ಮರಿಗಳು ಹೊರಬರುವ ವೇಳೆಗೆ ಚಂದ್ರನು ಪುನಃ ಬೆಳೆಯುತ್ತಿರುವನೆಂದೂ ಹೇಳಿದ್ದಾನೆ. ಕ್ರಿ. ಶ. 79ರಲ್ಲಿ ಮೃತನಾದ ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯ 10ನೆಯ ಭಾಗದಲ್ಲಿ, ಅಮಾವಾಸ್ಯೆ ಕಳೆದ ಮೇಲೆಯೇ ಕಾವನ್ನು ಆರಂಭಿಸಬೇಕು, ಅದಕ್ಕೆ ಮುಂಚೆ ಇಟ್ಟವು ಫಲಿಸವು ಎಂದಿದ್ದಾನೆ. ಆದರೆ ಅದೇ ಪ್ಲಿನಿಯು, ಇಟ್ಟು ಹತ್ತು ದಿನಗಳೊಳಗಿನ ಮೊಟ್ಟೆಗಳೇ ಕಾವಿಗೆ ಉತ್ತಮವೆಂದೂ ಬರೆದಿದ್ದಾನೆ. ಈ ಎರಡು ಮಾತುಗಳನ್ನೂ ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ತಿಥಿಯ ಲೆಕ್ಕ

ಕೋಳಿಯ ಮೊಟ್ಟೆಯು ಮರಿಯಾಗಲು 21 ದಿನಗಳು ಬೇಕು. ಚಾಂದ್ರಮಾಸವು ಸುಮಾರು 29½ ದಿನಗಳದು. ಶುಕ್ಲ ದಶಮಿಯಂದು ಮೊಟ್ಟೆಗಳನ್ನಿಟ್ಟರೆ ಮರಿಗಳು ಮುಂದಿನ ಶುಕ್ಲಪಕ್ಷದ ಪಾಡ್ಯ ಬಿದಿಗೆಗಳ ಹೊತ್ತಿಗೂ, ಹುಣ್ಣಿಮೆಯಂದು ಇಟ್ಟರೆ ಷಷ್ಠಿ ಸಪ್ತಮಿಗಳ ಹೊತ್ತಿಗೂ ಹೊರಬರುವುವು. ಕೊಲುಮೆಲ್ಲನ ಗಣಿತದಲ್ಲಿ ತಪ್ಪಿಲ್ಲ. ಗಡಿಯಾರವೂ ಬರವಣಿಗೆಯೂ ಇಲ್ಲದ ಮನೆಯಲ್ಲಿ ಚಂದ್ರನು ಒಳ್ಳೆಯ ಲೆಕ್ಕದ ಪುಸ್ತಕವಾಗಿದ್ದನು. ತಿಥಿಯನ್ನು ನೋಡಿ ಕಾವಿಟ್ಟವರಿಗೆ ಮರಿ ಬರುವ ದಿನವು ಮರೆಯುತ್ತಿರಲಿಲ್ಲ. ಈ ಮಟ್ಟಿಗೆ ಪದ್ಧತಿಯು ಉಪಯುಕ್ತವೇ. ಆದರೆ ದಿನವನ್ನು ತಿಳಿಸುವುದು ಬೇರೆ, ಮರಿಯನ್ನು ಬೆಳೆಯಿಸುವುದು ಬೇರೆ.

ಚಂದ್ರನ ಪ್ರಭಾವ

ಸಮುದ್ರವನ್ನು ಉಕ್ಕಿಸುವ ಚಂದ್ರನು ಮೊಟ್ಟೆಯೊಳಗಿನ ರಸವನ್ನು ಏಕೆ ಸೆಳೆಯಬಾರದೆಂದು ಕೆಲವರು ಕೇಳುವುದುಂಟು. ಸಮುದ್ರದ ಉಬ್ಬರವು ಹುಣ್ಣಿಮೆಯಲ್ಲಿ ಹೇಗೋ ಅಮಾವಾಸ್ಯೆಯಲ್ಲಿಯೂ ಹಾಗೆಯೇ ಅಧಿಕವಾಗಿರುವುದು. ಸೆಳೆತವೇ ಕಾರಣವಾಗಿದ್ದ ಪಕ್ಷದಲ್ಲಿ ಈ ಎರಡು ದಿನಗಳ ಫಲವೂ ಒಂದೇ ಆಗಿರಬೇಕಾಗಿತ್ತು. ಒಂದು ಶುಭ, ಮತ್ತೊಂದು ಅಶುಭ ಎಂಬ ಭೇದಕ್ಕೆ ಎಡೆಯೇ ಇಲ್ಲ. ಬೆಳುದಿಂಗಳೇ ಕಾರಣವೆನ್ನೋಣವೆಂದರೆ, ಕಾವಿನಲ್ಲಿರುವ ಮೊಟ್ಟೆಗಳು ಹೇಟೆಯ ಗರಿಗಳ ಮರೆಯಲ್ಲಿ ಅಡಗಿರುವುವು.

1749ರಲ್ಲಿ ಫ್ರಾನ್ಸ್ ದೇಶದ ರೆಯೋಮ್ಯೂರನೆಂಬ ಪಂಡಿತನು, ಸಾಕುಹಕ್ಕಿಗಳ ಮೊಟ್ಟೆಗಳನ್ನು ಸರ್ವ ಋತುಗಳಲ್ಲಿಯೂ ಮರಿ ಮಾಡುವ ವಿಧಾನವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಈಜಿಪ್ಟಿನವರು ಒಲೆಗಳಲ್ಲಿ ಮರಿ ಮಾಡುತ್ತಿದ್ದ ಪದ್ಧತಿಯನ್ನು ತಿಳಿದು, ಆತನು ಗೊಬ್ಬರದ ಕಾವನ್ನು ಉಷ್ಣಮಾಪಕದಿಂದ ಅಳೆಯುತ್ತ ಮೊಟ್ಟೆಗಳನ್ನು ಒಡೆಯಿಸಿದನು. ಇಂದಿನ ದೊಡ್ಡ ಮರಿಕೇಂದ್ರಗಳಲ್ಲಿ ಯಂತ್ರಗಳು ವರ್ಷವೆಲ್ಲವೂ ನಡೆಯುತ್ತಿದ್ದು, ಎರಡು ಪಕ್ಷಗಳಲ್ಲಿಯೂ ಮರಿಗಳು ಹೊರಬರುತ್ತಿವೆ. ಅಲ್ಲಿ ಯಾರೂ ತಿಥಿಯನ್ನು ಕೇಳುವುದಿಲ್ಲ.

ನಿಜವಾದ ಕಾರಣಗಳು

ಮೊಟ್ಟೆಯು ಮರಿಯಾಗುವುದಕ್ಕೆ ಬೇಕಾದುವು ಐದು: ಹುಂಜದೊಡನೆ ಕೂಡಿದ ಹೇಟೆಯ ಮೊಟ್ಟೆ, ಮೊಟ್ಟೆಯ ಹೊಸತನ, ಸಮನಾದ ಶಾಖ, ತಕ್ಕಷ್ಟು ತೇವ, ಗಾಳಿ. ಯಂತ್ರಗಳಲ್ಲಿ ಶಾಖವನ್ನು ಸುಮಾರು 99½ ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37½ ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಡುವರು. ಕೊನೆಯ ಮೂರು ದಿನಗಳಲ್ಲಿ ತೇವವನ್ನು ಹೆಚ್ಚಿಸುವರು. ಪಿಂಡವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳದಂತೆ 18ನೆಯ ದಿನದವರೆಗೆ ಮೊಟ್ಟೆಗಳನ್ನು ಆಗಾಗ್ಗೆ ಹೊರಳಿಸುವರು. ಕಾವು ಕೂತ ಹೇಟೆಯು ಯಾರೂ ಕಲಿಸದೆಯೇ ಈ ಕೆಲಸವನ್ನು ಕೊಕ್ಕಿನಿಂದ ಮಾಡುವುದು.

ಕಾಯುವುದರಿಂದಾಗುವ ನಷ್ಟ

ಹೇಟೆಯು ಕೃಷ್ಣ ಪಾಡ್ಯದಂದು ಕಾವಿಗೆ ಬಂದಿತೆಂದು ಊಹಿಸಿರಿ. ಪ್ಲಿನಿಯ ಮಾತಿನಂತೆ ಅಮಾವಾಸ್ಯೆ ಕಳೆಯಲು ಒಂದು ಪಕ್ಷ ಕಾಯಬೇಕು. ಕೊಲುಮೆಲ್ಲನ ಮಾತಿನಂತೆ ಶುಕ್ಲ ದಶಮಿಗೆ ಸುಮಾರು 24 ದಿನಗಳು ಕಾಯಬೇಕು. ಅಷ್ಟರಲ್ಲಿ ಕೂಡಿಟ್ಟ ಮೊಟ್ಟೆಗಳು ಹಳೆಯವಾಗುವುವು. ಹೇಟೆಯ ಕಾವೂ ಇಳಿದುಹೋಗಬಹುದು. ಮೊಟ್ಟೆಯು ಒಂದು ವಾರವನ್ನು ಮೀರಿದಂತೆಲ್ಲ ಮರಿಯಾಗುವ ಶಕ್ತಿಯು ಕುಂದುತ್ತಾ ಬರುವುದು. ಬೇಸಿಗೆಯಲ್ಲಿ ಈ ನಷ್ಟವು ಇನ್ನೂ ಬೇಗನೆ ಆಗುವುದು. ಏಕೆಂದರೆ ಬಿಸಿಯಾದ ಕೋಣೆಯಲ್ಲಿ ಪಿಂಡವು ಅರೆಬರೆಯಾಗಿ ಬೆಳೆಯಲಾರಂಭಿಸಿ ಸತ್ತುಹೋಗುವುದು. ಹೀಗೆ ಶುಭದಿನವನ್ನು ಕಾಯುತ್ತ ಕುಳಿತವರು ಪ್ಲಿನಿಯ ನಿಜವಾದ ಮಾತನ್ನು ಬಿಟ್ಟು ಹುಸಿಯಾದುದನ್ನು ಹಿಡಿದಂತಾಗುವುದು.

ಗುಡುಗು ಮತ್ತು ಕಬ್ಬಿಣ

ಕಾವಿನ ಕಾಲದಲ್ಲಿ ಗುಡುಗಿದರೆ ಮೊಟ್ಟೆಗಳು ಕೆಡುವುವೆಂದೂ, ಹುಲ್ಲಿನ ಕೆಳಗೆ ಕಬ್ಬಿಣದ ಮೊಳೆಯನ್ನೋ ನೇಗಿಲಿಗೆ ಹತ್ತಿದ ಮಣ್ಣನ್ನೋ ಇಡಬೇಕೆಂದೂ ಪ್ಲಿನಿಯು ಬರೆದಿದ್ದಾನೆ. ನಮ್ಮ ಹಳ್ಳಿಗಳಲ್ಲಿಯೂ ಕಾವಿನ ಪುಟ್ಟಿಯಲ್ಲಿ ಕಬ್ಬಿಣದ ಚೂರು ಅಥವಾ ಇದ್ದಲನ್ನು ಇಡುವುದುಂಟು. ನಮ್ಮಲ್ಲಿ ಗುಡುಗು ಹೆಚ್ಚಾಗಿರುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಮೊಟ್ಟೆಗಳನ್ನು ಕೆಡಿಸುವ ಸೆಕೆಯೂ ಆಗಲೇ. ಸೆಕೆಯ ಅಪರಾಧವನ್ನು ಗುಡುಗಿನ ಮೇಲೆ ಹೊರಿಸಿರುವುದು ಸಂಭವ. ಕಬ್ಬಿಣದ ಚೂರಿನಿಂದ ಬಾಧೆಯಿಲ್ಲ. ಆದರೆ ಅದನ್ನು ಇಟ್ಟಾಯಿತೆಂದು ಪುಟ್ಟಿಯನ್ನು ಬಿಸಿಲು ತಗುಲುವ ಕಡೆ ಬಿಡಬಾರದು.

ಮಾಡತಕ್ಕ ಕ್ರಮ

1. ಒಂದು ವಾರದೊಳಗಿನ, ಚೊಕ್ಕಟವಾದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿಕೊಳ್ಳಬೇಕು. ಅವುಗಳ ಮೇಲೆ ಇಟ್ಟ ದಿನವನ್ನು ಸೀಸದ ಕಡ್ಡಿಯಿಂದ ಬರೆಯುವುದು ಒಳ್ಳೆಯದು.

2. ಕಾವಿಗೆ ಇಡುವವರೆಗೆ ಅವುಗಳನ್ನು ಚೂಪಾದ ತುದಿ ಕೆಳಗಾಗಿ, ಮನೆಯಲ್ಲಿ ಅತ್ಯಂತ ತಂಪಾದ ಮೂಲೆಯಲ್ಲಿ ಇಡತಕ್ಕದ್ದು.

3. ಹೇಟೆಯ ಮೈ ಮುಚ್ಚುವಷ್ಟು ಮೊಟ್ಟೆಗಳನ್ನು ಮಾತ್ರ ಇಡಬೇಕು. ನಾಟಿ ಕೋಳಿಗೆ ಹತ್ತು ಹನ್ನೆರಡು ಸಾಕು.

4. ಹೇನು ಹತ್ತಿದ ಹೇಟೆಯು ಗೂಡನ್ನು ಬಿಟ್ಟು ಏಳುವುದು. ಆದುದರಿಂದ ಮೊದಲೇ ಹೇನನ್ನು ನಿವಾರಿಸಿ, ಪ್ರತಿದಿನವೂ ಕಾಳು, ನೀರು, ಧೂಳಿನ ಸ್ನಾನಕ್ಕೆ ಅನುಕೂಲ ಮಾಡಿಕೊಡಬೇಕು.

5. 7ನೆಯ ರಾತ್ರಿ ಮೊಟ್ಟೆಯನ್ನು ದೀಪದ ಮುಂದೆ ಹಿಡಿದು ನೋಡಬೇಕು. ಕೆಂಪು ನರಗಳು ಜೇಡದ ಕಾಲುಗಳಂತೆ ಕಂಡರೆ ಜೀವವುಂಟು. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು, ಅದನ್ನು ತೆಗೆದುಬಿಡಬೇಕು.

ಸ್ವಂತ ಪರೀಕ್ಷೆ

ಇಷ್ಟು ಹೇಳಿದರೂ ಸಂಶಯವು ಉಳಿದವರು ತಾವೇ ಪರೀಕ್ಷಿಸಬಹುದು. ಒಂದು ಪುಸ್ತಕದಲ್ಲಿ ಕಾವಿಟ್ಟ ತಾರೀಖು, ತಿಥಿ, ಮೊಟ್ಟೆಗಳ ಸಂಖ್ಯೆ, ಅವುಗಳ ವಯಸ್ಸು, ಗೊಡ್ಡಾದುವು, ಚಿಪ್ಪಿನಲ್ಲಿ ಸತ್ತುವು, ಹೊರಬಂದ ಮರಿಗಳು, ಇವನ್ನು ಬರೆದಿಡಬೇಕು. ಮೂರು ದಿನದ ಮೊಟ್ಟೆಗಳನ್ನು ಕೃಷ್ಣಪಕ್ಷದಲ್ಲೊಮ್ಮೆ, ಶುಕ್ಲಪಕ್ಷದಲ್ಲೊಮ್ಮೆ ಇಟ್ಟು ನೋಡಬೇಕು. ಹಾಗೆಯೇ ಒಂದೇ ತಿಥಿಯಲ್ಲಿ ಒಂದು ಹೇಟೆಗೆ ಹೊಸ ಮೊಟ್ಟೆಗಳನ್ನೂ ಮತ್ತೊಂದಕ್ಕೆ ಎರಡು ವಾರದವನ್ನೂ ಕೊಟ್ಟು ನೋಡಬೇಕು. ಒಂದೆರಡು ಸಲದ ಫಲವನ್ನು ನಂಬಲಾಗದು. ಮರಿಗಳು ಚೆನ್ನಾಗಿ ಬಂದ ಶುಕ್ಲಪಕ್ಷವನ್ನು ಜ್ಞಾಪಕದಲ್ಲಿಟ್ಟು, ಕೆಟ್ಟುಹೋದುದನ್ನು ಮರೆಯುವುದು ಮನುಷ್ಯಸ್ವಭಾವ. ಆದಕಾರಣವೇ ಬರೆದಿಡುವುದು ಅವಶ್ಯಕ. ಒಂದು ಊರಿನ ಹತ್ತು ಮನೆಗಳವರು ಒಂದು ವರ್ಷ ಈ ಲೆಕ್ಕವನ್ನು ಇಟ್ಟು ಒಟ್ಟುಗೂಡಿಸಿದರೆ, ಫಲದಲ್ಲಿ ಭೇದವನ್ನುಂಟುಮಾಡುವುದು ತಿಥಿಯೋ ಮೊಟ್ಟೆಯ ವಯಸ್ಸೋ ಎಂಬುದು ಅವರ ಪುಸ್ತಕದಲ್ಲಿಯೇ ಕಾಣುವುದು. ಅಲ್ಲಿಯವರೆಗೆ, ಹೇಟೆಯು ಕಾವಿಗೆ ಬಂದ ದಿನ ಹೊಸ ಮೊಟ್ಟೆಗಳು ಕೈಯಲ್ಲಿದ್ದರೆ ಅಂದೇ ಕೂಡಿಸತಕ್ಕದ್ದು.