ಮನೆಯ ಮಾಳಿಗೆಯೂ ಮಳೆಯ ನೀರೂ

ಗುಬ್ಬಿಯ ಸುತ್ತಣ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮಣ್ಣಿನ ಮಾಳಿಗೆಯ ವಿಷಯವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಹರಡಿದ ಕಡ್ಡಿ ಸೊಪ್ಪು, ಅದರ ಮೇಲೆ ದಪ್ಪನಾಗಿ ಮೆತ್ತಿದ ಮಣ್ಣು. ಇದಕ್ಕೆ ಹಿರಿಯರು ಕರಲು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಪೈರಿಗೆ ಹಗೆಯಾದ ಆ ಮಣ್ಣು ಮನೆಗೆ ಆಪ್ತವಾದದ್ದು ಹೇಗೆ? ಅದರಲ್ಲಿರುವ ಸೋಡಿಯಂ ಲವಣಗಳ ದೆಸೆಯಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ, ನೆನೆದೊಡನೆ ಸಣ್ಣ ರಂಧ್ರಗಳನ್ನು ಮುಚ್ಚಿ, ನೀರನ್ನು ಕೆಳಗಿಳಿಯಗೊಡುವುದಿಲ್ಲ. ಹೊಲದಲ್ಲಿ ನೀರು ಇಂಗದಿರುವ ದೋಷವೇ ಮಾಳಿಗೆಯಲ್ಲಿ ಗುಣವಾಯಿತು.

ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ತೆರೆದು ಇಳಿಸಿದ ಸಂಗತಿಯನ್ನು ಶಾಲೆಯಲ್ಲಿ ಓದಿದಾಗ ಪಟ್ಟಣದ ಹುಡುಗಿಯರು ಬೆರಗಾಗುವರು. ಹಳ್ಳಿಯ ಹುಡುಗಿಯರು ಬೆರಗಾಗರು. ಮಾರ್ಕನು ಹೇಳುವ ಮಾಳಿಗೆಯು ನಮ್ಮದರಂತೆಯೇ ಅಗೆಯತಕ್ಕದ್ದು. ಲೂಕನು ಮಾತ್ರ ಹೆಂಚುಗಳ ಮಾತೆತ್ತುತ್ತಾನೆ.

ಹೆಂಚೆಂದರೆ ಮಂಗಳೂರು ನೆನಪಾಗುವುದು. ಅಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಕುಂಬಾರನು ತಿಗರಿಯ ಮೇಲೆ ತಿದ್ದಿ ಸೀಳಿದ ನಾಡಹೆಂಚನ್ನು ವರ್ಷವರ್ಷವೂ ಕೈಯಾಡಿಸಬೇಕು; ಕೋತಿಗಳ ಹಾವಳಿಯಿದ್ದರೆ ಎರಡು ಸಲ. ಅಚ್ಚಿನ ಹೆಂಚಾದರೋ ಅಂಚಿನ ತೋಡುಗಳಿಂದ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದು. ಆದರೂ ಅದು ನೀರನ್ನು ಸ್ವಲ್ಪ ಹೀರುವ ಸುಟ್ಟ ಮಣ್ಣೇ. ಅದನ್ನು ಕಾಪಾಡುವುದು ಇಳಿಜಾರು. ಇಳಿಜಾರು ಸುಮಾರು 30 ಡಿಗ್ರಿಗಿಂತ ಕಡಮೆಯಾದರೆ ಗಾಳಿಮಳೆಯ ನೀರು ಸಂದುಗಳಲ್ಲಿ ಹಿಂದಕ್ಕೆ ಏರಿ ಒಳಗೆ ತೊಟ್ಟಿಕ್ಕುವುದು. ಹೀಗೆ ಸೋರುವ ಮನೆಯಲ್ಲಿ ಹೆಂಚನ್ನು ದೂರಿ ಫಲವಿಲ್ಲ.

ಮಟ್ಟಸವಾದ ಮದರಾಸು ತಾರಸಿಗೆ ಇಟ್ಟಿಗೆಯ ಮೇಲೆ ಗಾರೆ ಹಾಸುತ್ತಿದ್ದರು. ಸುಣ್ಣ, ಇಟ್ಟಿಗೆಯ ಚೂರು. ಅದಕ್ಕೆ ಚಿಮುಕಿಸಲು ಬೆಲ್ಲವೂ ಅಳಲೆಕಾಯಿಯೂ ನೆನೆದ ನೀರು. ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಅದನ್ನು ಗಟ್ಟಿಮಾಡುತ್ತಿದ್ದರು. ಅವರ ಹೆಸರು ಯಾವ ಕಟ್ಟಡದ ಶಿಲೆಯಲ್ಲಿಯೂ ಕಾಣದು.

ಈಗ ಎಲ್ಲೆಲ್ಲಿಯೂ ಕಾಂಕ್ರೀಟಿನ ತಾರಸಿ. ಇದು ಕಲ್ಲಿನಂತೆ ಕಾಣುವುದರಿಂದ ಸೋರಲಾರದೆಂದು ಅನೇಕರ ನಂಬಿಕೆ. ಏಪ್ರಿಲ್ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಕೂದಲೆಳೆಯ ಬಿರುಕುಗಳು ಹುಟ್ಟುವುವು. ಅವುಗಳಲ್ಲಿ ಇಳಿದ ನೀರಿನಿಂದ ಒಳಗಣ ಕಬ್ಬಿಣವು ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕೆಳಗಿನ ಗಾರೆ ಸಿಡಿದು ಬೀಳುವುದು. ಮಕ್ಕಳು ಮಲಗುವ ಕೋಣೆಯಲ್ಲಿ ಇದು ಅಲಕ್ಷ್ಯಮಾಡತಕ್ಕ ವಿಷಯವಲ್ಲ. ಇಂಥ ಕಡೆ ಒಳಗಿನಿಂದ ಬಣ್ಣ ಬಳಿಸುವವರುಂಟು. ಕಲೆ ಮರೆಯಾಗುವುದು, ನೀರು ನಿಲ್ಲದು. ಮೇಲೆ ಟಾರು ಬಳಿದರೂ ಬಿಸಿಲಿಗೆ ಅದು ಒಡೆಯುವುದು.

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಬಲವಾಗಿ ಬರುವುದರಿಂದ, ಆಗಸ್ಟಿನಲ್ಲಿಯೇ ತಾರಸಿಯನ್ನು ಹತ್ತಿ ಎರಡು ಕೊಡ ನೀರು ಸುರಿದು ನೋಡಬೇಕು. ನೀರು ನಿಂತಲ್ಲಿ ವಾಟ ತಪ್ಪಿದೆ. ನೀರು ಹೋಗುವ ಕೊಳವೆಯ ಬಾಯಲ್ಲಿ ಎಲೆ, ತೆಂಗಿನ ನಾರು, ಹಕ್ಕಿಯ ಗೂಡು ಇದ್ದರೆ ತೆಗೆಸಬೇಕು. ಕೈಪಿಡಿ ಗೋಡೆಯೂ ತಾರಸಿಯೂ ಕೂಡುವ ಮೂಲೆಯನ್ನು ವಿಶೇಷವಾಗಿ ನೋಡಬೇಕು. ಸೋರಿಕೆ ಬಹುಮಟ್ಟಿಗೆ ಅಲ್ಲಿಯೇ ಮೊದಲಾಗುವುದು.